ಏಳು ಜನ, ಐದು ಸೀಟು, ಒಂದು ಕೂಸು: ತವರಿನಿಂದ ಹೊರಟ ಒಂದು ಪ್ರಯಾಣದ ಪ್ರಕರಣ ಅಧ್ಯಯನ

ನಾನು ಸಾಗರದ ಕಡೆ ಮಕ್ಕಳ ಕ್ಲಿನಿಕ್ ಒಂದರಲ್ಲಿ ನರ್ಸ್. ಚುಚ್ಚುಮದ್ದು ಹಾಕುವುದು, ತೂಕ ನೋಡುವುದು, ಹೊಸ ಅಮ್ಮಂದಿರ ಪ್ರಶ್ನೆಗಳಿಗೆ ಉತ್ತರ ಹೇಳುವುದು ನನ್ನ ದಿನದ ಕೆಲಸ. ಇಲ್ಲಿ ಬರೆಯುತ್ತಿರುವುದು ಒಂದೇ ಒಂದು ಮನೆಯವರ ಕಥೆ. ಕೂಸಿನ ತಾಯಿಗೆ ಓದಿಸಿ, ಅವರು ಒಪ್ಪಿದ ಮೇಲೆ ಹಂಚಿಕೊಳ್ಳುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅವರು ಏನು ಯೋಚಿಸಿದರು, ಎಲ್ಲಿ ತಪ್ಪಿದರು, ನಾನು ಎಲ್ಲಿ ತಪ್ಪಿದೆ ಅನ್ನುವುದು ಮಾತ್ರ ಇದ್ದ ಹಾಗೇ ಇದೆ.

ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಕೂಸುಗಳನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. "ಸಿಸ್ಟರ್, ಇಷ್ಟು ದೂರ ಕರ್ಕೊಂಡು ಹೋಗ್ಬಹುದಾ? ಗಾಳಿ ತಗಲುತ್ತಾ? ಕಿವಿಗೆ ಹತ್ತಿ ಇಡ್ಬೇಕಾ?" ಅಂತ ಎಲ್ಲರೂ ಕೇಳುತ್ತಾರೆ. ಕಾರಿನಲ್ಲಿ ಎಷ್ಟು ಜನ ಕೂರಬಹುದು, ಕೂಸು ಎಲ್ಲಿ ಕೂರಬೇಕು ಅಂತ ಯಾರೂ ಕೇಳುವುದಿಲ್ಲ. ಈ ಮನೆಯವರ ವಿಷಯ ನಡೆಯುವವರೆಗೆ ನಾನೂ ಅದನ್ನು ಕೇಳುತ್ತಿರಲಿಲ್ಲ.

ಹಿನ್ನೆಲೆ

ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು. ಹೆಂಡತಿಯ ತವರು ಇಲ್ಲಿಯ ಒಂದು ಹಳ್ಳಿ. ಅಡಿಕೆ ತೋಟದ ಮನೆ. ಮೊದಲ ಹೆರಿಗೆ, ಗಂಡು ಕೂಸು. ಕಾರು 2018ರ ಸಣ್ಣ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಆರ್‌ಸಿ ಕಾರ್ಡಿನಲ್ಲಿ ಆಸನ ಸಂಖ್ಯೆ 5, ಡ್ರೈವರ್ ಸೇರಿ.

ಆರನೇ ವಾರದ ಚುಚ್ಚುಮದ್ದಿಗೆ ಬಂದಾಗ ಅವರು ಕಾರು ಹತ್ತುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಮುಂದಿನ ಸೀಟಿನಲ್ಲಿ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಶಾಲು ಸುತ್ತಿದ ಕೂಸು. ಹಿಂದೆ ನಾಲ್ಕು ಜನ. ಕೂಸಿಗೆ ಸೆಖೆ ಆಗಬಾರದು ಅಂತ ಎಸಿ ಗಾಳಿಯ ದಿಕ್ಕು ಸರಿ ಮಾಡುತ್ತಿದ್ದರು. ಅಷ್ಟು ಜೋಪಾನ. ಬೆಲ್ಟ್ ಮಾತ್ರ ಯಾರಿಗೂ ಇರಲಿಲ್ಲ. ನಾನು ಏನೂ ಹೇಳಲಿಲ್ಲ. ನಮ್ಮಲ್ಲಿ ಎಲ್ಲರೂ ಹೀಗೇ ಹೋಗುತ್ತಾರೆ ಅಲ್ವಾ, ಅದು ಕಣ್ಣಿಗೆ ತಪ್ಪಾಗಿ ಕಾಣುವುದೇ ನಿಂತುಹೋಗಿರುತ್ತದೆ.

ಹತ್ತನೇ ವಾರಕ್ಕೆ ಬಂದಾಗ ತಾಯಿ ಮೆಲ್ಲಗೆ ಹೇಳಿದರು. ಎರಡು ವಾರದ ಹಿಂದೆ ದೇವಸ್ಥಾನಕ್ಕೆ ಹೋಗುವಾಗ ಒಂದು ದನ ಅಡ್ಡ ಬಂತಂತೆ. ಗಂಡ ಬ್ರೇಕ್ ಹಾಕಿದರು. ವೇಗ ಜಾಸ್ತಿ ಇರಲಿಲ್ಲ, ಮೂವತ್ತೋ ನಲವತ್ತೋ ಇದ್ದಿರಬೇಕು. ಅಜ್ಜಿಯ ಕೈಯಿಂದ ಕೂಸು ಜಾರಿ ಡ್ಯಾಶ್‌ಬೋರ್ಡಿಗೆ ಹಣೆ ತಗುಲಿ, ಕಾಲ ಹತ್ತಿರ ಬಿತ್ತು. ಬಟ್ಟೆ ದಪ್ಪ ಸುತ್ತಿದ್ದರಿಂದ ಗಾಯ ಆಗಲಿಲ್ಲ, ಸಣ್ಣ ಬಾವು ಮಾತ್ರ. ಮನೆಯಲ್ಲಿ ದೃಷ್ಟಿ ತೆಗೆದರು, ಅರಿಶಿನ ಹಚ್ಚಿದರು. ವೈದ್ಯರಿಗೆ ತೋರಿಸಲಿಲ್ಲ. "ಏನೂ ಆಗಿಲ್ವಲ್ಲ" ಅಂತ ಎಲ್ಲರೂ ಸಮಾಧಾನ ಮಾಡಿದರು. ತಾಯಿಗೆ ಮಾತ್ರ ಎರಡು ವಾರ ನಿದ್ದೆ ಇಲ್ಲ.

ನಮ್ಮ ವೈದ್ಯರು ಪೂರ್ತಿ ಪರೀಕ್ಷೆ ಮಾಡಿ, ಸದ್ಯ ತೊಂದರೆ ಇಲ್ಲ ಅಂದರು. ಇಷ್ಟು ಚಿಕ್ಕ ಕೂಸಿನ ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಅವತ್ತೇ ತೋರಿಸಬೇಕು. ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹಾಲು ಬೇಡ ಅನ್ನುವುದು, ನಿಲ್ಲದ ಅಳು, ಇವು ಕಂಡರಂತೂ ಒಂದು ಗಂಟೆಯೂ ಕಾಯಬಾರದು.

ಸಮಸ್ಯೆ

ಹದಿನಾಲ್ಕನೇ ವಾರದ ಚುಚ್ಚುಮದ್ದಿನ ದಿನ ಕೂಸು 6.2 ಕಿಲೋ. ಇನ್ನು ಹನ್ನೆರಡು ದಿನಕ್ಕೆ ಬೆಂಗಳೂರಿಗೆ ಹೊರಡುವುದು ಅಂತ ದಿನ ನೋಡಿದ್ದರು. 350 ಕಿಲೋಮೀಟರಿಗೂ ಜಾಸ್ತಿ ದಾರಿ. ಅವತ್ತು ನಾನು ಮೊದಲ ಸಲ ಬಾಯಿಬಿಟ್ಟು ಕೇಳಿದೆ, "ಕಾರಲ್ಲಿ ಎಷ್ಟು ಜನ?"

ಗಂಡನೇ ಉತ್ತರ ಹೇಳಿದರು. "ಐದೇ ಜನ ಸಿಸ್ಟರ್. ನಾನು, ಇವಳು, ಅತ್ತೆ, ಮಾವ, ನಮ್ಮಮ್ಮ."

"ಕೂಸು?"

"ಕೂಸು ತೊಡೆ ಮೇಲೆ. ಇನ್ನೊಂದು ನನ್ನ ತಂಗಿ ಮಗಳು, ಐದು ವರ್ಷ. ಅಜ್ಜಿ ಜೊತೆ ಬಂದಿದ್ದಾಳೆ. ಅವಳನ್ನ ಮಧ್ಯದಲ್ಲಿ ಕೂರಿಸಿಕೊಂಡ್ರೆ ಆಯ್ತು."

ಅಂದರೆ ಏಳು ಜನ. ಅವರ ಲೆಕ್ಕದಲ್ಲಿ ಐದು. ಬಸ್ಸಿನಲ್ಲಿ ಕೂಸಿಗೆ ಟಿಕೆಟ್ ಇಲ್ಲ, ಹಾಗಾಗಿ ಕೂಸು ಲೆಕ್ಕಕ್ಕಿಲ್ಲ ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಟಿಕೆಟ್ ದುಡ್ಡಿನ ಲೆಕ್ಕ. ಕಾರು ಗುದ್ದಿದಾಗ ಕೇಳುವುದು ದೇಹಗಳ ಲೆಕ್ಕ. ಆರ್‌ಸಿಯಲ್ಲಿ 5 ಅಂತ ಬರೆದಿರುವುದು ಐದು ದೇಹಕ್ಕೆ, ಐದು ಬೆಲ್ಟಿಗೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ 194ಬಿ ಅನ್ನುವ ಕಲಂ ಬಂತು. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಇಲ್ಲವೇ ಮಕ್ಕಳ ಸೀಟಿನಲ್ಲಿ ಭದ್ರ ಮಾಡದೆ ಕಾರು ಓಡಿಸಿದರೆ 1000 ರೂಪಾಯಿ ದಂಡ. ಇದನ್ನು ಹೇಳಿದಾಗ ಗಂಡ ನಕ್ಕು, "ನಮ್ಮ ಕಡೆ ಯಾರು ಹಿಡೀತಾರೆ ಸಿಸ್ಟರ್" ಅಂದರು. ನಿಜ, ಹಿಡಿಯುವುದು ಕಡಿಮೆ. ಹಾಗಾಗಿ ದಂಡದ ಮಾತು ಅಲ್ಲಿಗೇ ಬಿಟ್ಟೆ. ದಂಡ ಹೇಳಿ ಯಾರ ಮನಸ್ಸನ್ನೂ ಬದಲಿಸಿದ್ದು ನಾನು ನೋಡಿಲ್ಲ.

ವಿಮೆಯ ಮಾತಿಗೆ ಮಾತ್ರ ಅವರು ಸ್ವಲ್ಪ ತಲೆ ಎತ್ತಿದರು. ಪಾಲಿಸಿಯಲ್ಲೂ ಆಸನ 5 ಅಂತಲೇ ಇರುತ್ತದೆ. ಮಿತಿಗಿಂತ ಜಾಸ್ತಿ ಜನ ಇದ್ದ ಒಂದು ಬಸ್ಸಿನ ಅಪಘಾತದ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್, ವಿಮಾ ಕಂಪನಿಯ ಹೊಣೆ ಪಾಲಿಸಿ ಒಪ್ಪಿಕೊಂಡ ಸಂಖ್ಯೆಯಷ್ಟಕ್ಕೇ ಅಂದಿತ್ತು. ಆರನೆಯವರು, ಏಳನೆಯವರು ಯಾರ ಲೆಕ್ಕಕ್ಕೆ? ಅದನ್ನು ಅವರೇ ಯೋಚಿಸಲಿ ಅಂತ ಬಿಟ್ಟೆ.

ಏನೇನು ಯೋಚಿಸಿದರು

ಮೊದಲ ಸಲಹೆ ಗಂಡನದೇ. ಹೆಂಡತಿ ಹಿಂದೆ ಕೂತು, ಕೂಸನ್ನು ಎದೆಗೆ ಅವಚಿಕೊಂಡು, ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುವುದು. ಒಳ್ಳೇ ಮನಸ್ಸಿನಿಂದ ಬಂದ ಯೋಚನೆ. ಆದರೆ ಇದು ಬೆಲ್ಟ್ ಹಾಕದಿರುವುದಕ್ಕಿಂತ ಕೆಟ್ಟದಾಗಬಹುದು. ಕಾರು ಗಕ್ಕನೆ ನಿಂತಾಗ ಅಮ್ಮನ ಐವತ್ತು ಅರವತ್ತು ಕಿಲೋ ದೇಹ ಮುಂದಕ್ಕೆ ನುಗ್ಗುತ್ತದೆ. ಬೆಲ್ಟಿಗೂ ಆ ದೇಹಕ್ಕೂ ಮಧ್ಯೆ ಇರುವುದು ಕೂಸು.

"ಗಟ್ಟಿಯಾಗಿ ಹಿಡ್ಕೋತೀನಿ" ಅನ್ನುವ ಮಾತಿಗೆ ನಾನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಕೂಸು 6 ಕಿಲೋ. ಕಾರಿನ ವೇಗ ಗಂಟೆಗೆ 50 ಕಿಲೋಮೀಟರ್. ಏನಕ್ಕಾದರೂ ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆ ಹೊತ್ತಿನಲ್ಲಿ ಕೂಸನ್ನು ಬಿಡದೆ ಹಿಡಿಯಬೇಕಾದರೆ ಸುಮಾರು 85 ಕಿಲೋ ಎತ್ತುವಷ್ಟು ಬಲ ಬೇಕು. 25 ಕಿಲೋದ ಮೂರು ಅಕ್ಕಿ ಮೂಟೆಗಿಂತ ಜಾಸ್ತಿ. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ, ಮುನ್ಸೂಚನೆ ಇಲ್ಲದೆ. ಅಜ್ಜಿಯ ಕೈಯಿಂದ ಕೂಸು ಜಾರಿದ್ದು ಅಜ್ಜಿಯ ತಪ್ಪಲ್ಲ. ಬರೀ ಬ್ರೇಕ್ ಹಾಕಿದ್ದಕ್ಕೇ ಅದು ಜಾರಿತ್ತು. ಇದನ್ನು ಹೇಳಿದಾಗ ಆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದೂವರೆ ತಿಂಗಳಿನಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದರು ಅಂತ ನನಗೆ ಆಗಲೇ ಗೊತ್ತಾದದ್ದು.

ಎರಡನೆಯದು, ಏಳು ಸೀಟಿನ ಬಾಡಿಗೆ ಗಾಡಿ. ಕಾಗದದ ಮೇಲೆ ಸರಿ ಕಾಣುತ್ತದೆ, ಏಳು ಜನಕ್ಕೆ ಏಳು ಸೀಟು. ಆದರೆ ಕೊನೆಯ ಸಾಲು ಎತ್ತಿದರೆ ಸಾಮಾನು ಇಡಲು ಜಾಗ ಇಲ್ಲ. ಇವರ ಸಾಮಾನು ಎಷ್ಟು ಅಂದರೆ ತೊಟ್ಟಿಲು, ಎರಡು ಸೂಟ್‌ಕೇಸ್, ಅಂಟಿನುಂಡೆಯ ಸ್ಟೀಲ್ ಡಬ್ಬಿ, ತುಪ್ಪ, ಉಪ್ಪಿನಕಾಯಿ ಭರಣಿ, ಒಂದು ಚೀಲ ತೆಂಗಿನಕಾಯಿ. ಅದೆಲ್ಲ ಕಾಲ ಕೆಳಗೆ, ತೊಡೆ ಮೇಲೆ, ಹಿಂದಿನ ಸೀಟಿನ ಬೆನ್ನಿಗೆ ಬರುತ್ತದೆ. ಕಟ್ಟದೆ ಇಟ್ಟ ತೆಂಗಿನಕಾಯಿ ಬ್ರೇಕ್ ಹಾಕಿದಾಗ ತೆಂಗಿನಕಾಯಿಯಾಗಿ ಉಳಿಯುವುದಿಲ್ಲ. ಅಲ್ಲದೆ ಬಾಡಿಗೆ ಗಾಡಿಗೆ ಮಕ್ಕಳ ಸೀಟು ಯಾರೂ ಕೊಡಲಿಲ್ಲ. ಫೋನಿನಲ್ಲಿ ಕೇಳಿದ ಒಬ್ಬರು, "ಮೂರು ತಿಂಗಳ ಕೂಸಿಗೆ ಸೀಟಾ?" ಅಂತ ಕೇಳಿದರಂತೆ.

ಮೂರನೆಯದು, ಗಂಡನ ಆಫೀಸಿನಲ್ಲಿ ಒಬ್ಬರು ಕೊಡುತ್ತೇನೆ ಅಂದ ಹಳೇ ಮಕ್ಕಳ ಸೀಟು. ಫೋಟೋ ತರಿಸಿ ನೋಡಿದೆವು. ಕೆಳಗಿನ ಲೇಬಲ್ ಕಿತ್ತುಹೋಗಿತ್ತು. ಯಾವ ವರ್ಷದ್ದು, ಯಾವ ತೂಕಕ್ಕೆ, ಮೊದಲು ಯಾವುದಾದರೂ ಅಪಘಾತ ನೋಡಿದೆಯಾ, ಯಾವುದಕ್ಕೂ ಉತ್ತರ ಇಲ್ಲ. ಒಮ್ಮೆ ಅಪಘಾತದಲ್ಲಿ ಪೆಟ್ಟು ತಿಂದ ಸೀಟಿನ ಒಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಬೇಡ ಅಂದೆವು. ಗೊತ್ತಿರುವವರ ಮನೆಯ ಸೀಟು, ಲೇಬಲ್ ಇದೆ, ಚರಿತ್ರೆ ಗೊತ್ತು ಅಂದರೆ ಆ ಮಾತು ಬೇರೆ.

ಇಷ್ಟರಲ್ಲಿ ಮನೆಯಲ್ಲಿ ಮಾತು ಬಿಸಿಯಾಗಿತ್ತು. ಗಂಡನ ತಾಯಿಗೆ ಈ ಸೀಟಿನ ವಿಷಯವೇ ಒಗ್ಗಲಿಲ್ಲ. "ಹಸುಗೂಸನ್ನ ಕಟ್ಟಿ ಹಾಕೋದಾ? ಅಮ್ಮನ ಮಡಿಲಿಗಿಂತ ಬೇರೆ ಜಾಗ ಉಂಟಾ?" ಅಂದರು. ಮೂರು ಮಕ್ಕಳನ್ನು ಬಸ್ಸಿನಲ್ಲಿ, ಲಾರಿಯಲ್ಲಿ ಮಡಿಲಲ್ಲೇ ಕರೆತಂದು ಬೆಳೆಸಿದವರು ಅವರು. ಅವರ ಮಾತಿನಲ್ಲಿ ಹಠಕ್ಕಿಂತ ಅಕ್ಕರೆಯೇ ಜಾಸ್ತಿ ಇತ್ತು. ಸೊಸೆ ಎದುರು ಮಾತಾಡಲಿಲ್ಲ. ಗಂಡ ಎರಡೂ ಕಡೆ ನೋಡುತ್ತಾ ನಿಂತರು.

ಅಜ್ಜನ ಅಡಿಕೆ ಚೀಲ

ತಿರುವು ಬಂದದ್ದು ನನ್ನ ಲೆಕ್ಕದಿಂದಲ್ಲ. ತವರಿನ ಅಜ್ಜ, ಅಲ್ಲಿಯವರೆಗೆ ಒಂದು ಮಾತೂ ಆಡದವರು, ಸಂಜೆ ಜಗಲಿಯಲ್ಲಿ ಕವಳ ಹಾಕುತ್ತಾ ಬೀಗಿತ್ತಿಗೆ ಹೇಳಿದರಂತೆ. ತಾಯಿ ನನಗೆ ಅದನ್ನು ಮರುದಿನ ಫೋನಿನಲ್ಲಿ ಹೇಳಿದರು.

"ನೋಡಿ, ನಾನು ಪ್ರತಿ ವರ್ಷ ಮಂಡಿಗೆ ಅಡಿಕೆ ಕಳಿಸ್ತೀನಿ. ಜೀಪಿಗೆ ಚೀಲ ಹೇರಿ ಹಗ್ಗ ಬಿಗೀದೆ ಒಂದು ದಿನ ಕಳಿಸಿದ್ದಿಲ್ಲ. ಒಂದು ಚೀಲ ಉರುಳಿದ್ರೆ ಎಷ್ಟು ನಷ್ಟ ಅಂತ ಗೊತ್ತು ನನಗೆ. ಮೊಮ್ಮಗನನ್ನ ಮಾತ್ರ ಹಗ್ಗ ಇಲ್ದೆ ಕಳಿಸೋದಾ?" ಸ್ವಲ್ಪ ಹೊತ್ತು ಬಿಟ್ಟು, "ನಾನು, ಇವಳು ರೈಲಲ್ಲಿ ಬರ್ತೀವಿ. ಜಂಬಗಾರಿನಲ್ಲಿ ಹತ್ತಿದ್ರೆ ಆಯ್ತು" ಅಂದರಂತೆ.

ಸಾಗರದ ರೈಲು ನಿಲ್ದಾಣದ ಹೆಸರು ಸಾಗರ ಜಂಬಗಾರು. ತಾಳಗುಪ್ಪದಿಂದ ಬೆಂಗಳೂರಿಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಎಲ್ಲರೂ ಒಂದೇ ಕಾರಿನಲ್ಲಿ ಹೋಗಬೇಕು ಅನ್ನುವುದನ್ನು ಯಾರೂ ಬಾಯಿಬಿಟ್ಟು ತೀರ್ಮಾನ ಮಾಡಿರಲಿಲ್ಲ. ಸುಮ್ನೆ ಹಾಗೇ ಅಂದುಕೊಂಡಿದ್ದರು. ಅಜ್ಜ ತನ್ನ ಸೀಟು ಬಿಟ್ಟುಕೊಟ್ಟ ಮೇಲೆ ಉಳಿದದ್ದೆಲ್ಲ ಸುಲಭವಾಯಿತು. ಹಿರಿಯರಿಗೆ "ನೀವು ಕಾರಿನಲ್ಲಿ ಬರಬೇಡಿ" ಅಂತ ಕಿರಿಯರು ಹೇಳಲಾರರು. ಹಿರಿಯರೇ ಹೇಳಿದರೆ ಯಾರಿಗೂ ಮನಸ್ಸಿಗೆ ಬೇಜಾರಿಲ್ಲ.

ಐದು ವರ್ಷದ ಹುಡುಗಿಯ ವಿಷಯ ಇನ್ನೂ ಇತ್ತು. ಈಗ ಕಾರಿನಲ್ಲಿ ಅವಳೂ ಸೇರಿ ಐದು ಜನ, ಸೀಟೂ ಐದು. ಲೆಕ್ಕ ಸರಿಯಾಯಿತಲ್ಲ ಅಂತ ಗಂಡನಿಗೆ ಖುಷಿ. ಸೀಟು ಎಣಿಸುವುದು ಬಿಟ್ಟು ಬೆಲ್ಟ್ ಎಣಿಸಿ ಅಂದೆ. ಆ ಕಾರಿನ ಹಿಂದಿನ ಸಾಲಿನ ಮಧ್ಯದಲ್ಲಿ ಇದ್ದದ್ದು ಸೊಂಟದ ಪಟ್ಟಿ ಮಾತ್ರ, ಭುಜದ ಪಟ್ಟಿ ಇಲ್ಲ. ಎಡಗಡೆ ಕೂಸಿನ ಸೀಟು ಬಂದರೆ, ಬಲಗಡೆ ಒಂದೇ ಒಂದು ಪೂರ್ತಿ ಬೆಲ್ಟ್ ಉಳಿಯುತ್ತದೆ. ಐದು ವರ್ಷದ, 17 ಕಿಲೋ ಹುಡುಗಿಗೆ ದೊಡ್ಡವರ ಬೆಲ್ಟ್ ಕುತ್ತಿಗೆಗೆ ಬರುತ್ತದೆ. ಅವಳಿಗೆ ಬೂಸ್ಟರ್, ಅಂದರೆ ಬೆಲ್ಟ್ ಭುಜದ ಮೇಲೆ ಬರುವಂತೆ ಮಗುವನ್ನು ಎತ್ತರಿಸುವ ಪುಟ್ಟ ಆಸನ ಬೇಕು, ಬೂಸ್ಟರಿಗೆ ಭುಜದ ಬೆಲ್ಟ್ ಬೇಕು. ಅದನ್ನು ಅವಳಿಗೆ ಕೊಟ್ಟರೆ ತಾಯಿ ಸೊಂಟದ ಪಟ್ಟಿಯಲ್ಲಿ ಕೂರಬೇಕು. ಮಕ್ಕಳು ಸುಮಾರು 145 ಸೆಂಟಿಮೀಟರ್ ಎತ್ತರ ಆಗುವವರೆಗೂ ಬೂಸ್ಟರ್ ಬೇಕಾಗುತ್ತದೆ ಅನ್ನುವುದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಕೊನೆಗೆ ಹುಡುಗಿಯನ್ನು ರೈಲಿಗೆ ಕೇಳಿದರು. ಕಿಟಕಿ ಪಕ್ಕ ಕೂರಿಸ್ತೀವಿ ಅಂದದ್ದೇ ತಡ, ಅವಳು ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಳು. ಐದು ಸೀಟಿನ ಕಾರಿಗೆ ನಾಲ್ಕೇ ಜನ ಉಳಿದರು. ಗಂಡ ಡ್ರೈವಿಂಗ್, ಮುಂದೆ ಅವರ ತಾಯಿ, ಹಿಂದೆ ಎಡಕ್ಕೆ ಕೂಸು, ಬಲಕ್ಕೆ ಅಮ್ಮ. ಮಧ್ಯದ ಸೀಟು ಖಾಲಿ.

ಸೀಟು ಕೂರಿಸಿದ್ದು

ಶಿವಮೊಗ್ಗಕ್ಕೆ ಹೋಗಿ ಸೀಟು ತಗೊಂಡರು. 7,400 ರೂಪಾಯಿ. ತೊಟ್ಟಿಲಿನಂತೆ ಹಿಡಿಕೆ ಇರುವ, ಹುಟ್ಟಿನಿಂದ 13 ಕಿಲೋ ತನಕದ್ದು. ಲೇಬಲ್ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಇಸಿಇ ಆರ್‌44/04 ಅಂತ ಇರಬೇಕು, ಅಥವಾ ಹೊಸದಾದ ಆರ್‌129 ಅಂತ ಇರಬೇಕು ಅಂತ ಹೇಳಿ ಕಳಿಸಿದ್ದೆ. ಇವೆರಡೂ ಮಕ್ಕಳ ಸೀಟಿನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳು. ಕಾರಿನಲ್ಲಿ ಕೂರಿಸಿ ನೋಡದೆ ದುಡ್ಡು ಕೊಡಬೇಡಿ ಅಂತಲೂ ಹೇಳಿದ್ದೆ. ಅದು ಉಪಯೋಗಕ್ಕೆ ಬಂತು. ಮೊದಲು ತೋರಿಸಿದ ಸೀಟಿಗೆ ಇವರ ಕಾರಿನ ಬೆಲ್ಟ್ ಎರಡು ಬೆರಳಿನಷ್ಟು ಸಾಲಲಿಲ್ಲ. ಎರಡನೆಯದಕ್ಕೆ ಸರಿಯಾಯಿತು. ಮಕ್ಕಳ ಸೀಟನ್ನು ಬೆಲ್ಟ್ ಇಲ್ಲದೆ ನೇರ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಗಳು ಆ ಕಾರಿನಲ್ಲಿ ಇರಲಿಲ್ಲ, ಹಾಗಾಗಿ ಬೆಲ್ಟಿನಿಂದಲೇ ಬಿಗಿಯಬೇಕು.

ಬೆಲ್ಟ್ ಅಂದೆ. ಆ ಬೆಲ್ಟ್ ಸಿಕ್ಕಿದ್ದೇ ಒಂದು ಕಥೆ. ಹಿಂದಿನ ಸೀಟಿನ ಬಕಲ್‌ಗಳು ಕಾಣಲೇ ಇಲ್ಲ. ಕಾರು ತಗೊಂಡಾಗ ಹಾಕಿಸಿದ್ದ ರೆಕ್ಸಿನ್ ಕವರಿನ ಕೆಳಗೆ, ಹೊಲಿಗೆಯ ಒಳಗೆ, ಎಲ್ಲ ಬಕಲ್‌ಗಳೂ ಮುಚ್ಚಿಹೋಗಿದ್ದವು. ಮೂರು ವರ್ಷ ಆ ಸೀಟಿನಲ್ಲಿ ಕೂತವರಿಗೆ ಯಾರಿಗೂ ಅದು ಬೇಕಾಗಿರಲಿಲ್ಲ. ಗಂಡ ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಕೈ ಒಳಗೆ ಹಾಕಿ, ಒಂದು ಚಾಕೊಲೇಟ್ ಕಾಗದ, ಎರಡು ರೂಪಾಯಿ ನಾಣ್ಯ, ಆಮೇಲೆ ಬಕಲ್ ಹೊರಗೆ ತೆಗೆದರು. ಈ ಬರಹ ಓದುವವರು ಇವತ್ತೇ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೈ ಹಾಕಿ ನೋಡಿ. ನಾನು ಆಮೇಲೆ ಕೇಳಿದ ಮನೆಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಸಿಕ್ಕಿದೆ.

ಮೊದಲು ಗಂಡ ಕೂಸಿನ ಸೀಟನ್ನು ಮುಂದಿನ ಸೀಟಿನಲ್ಲಿ, ತನ್ನ ಪಕ್ಕ ಇಡಲು ಹೊರಟರು. ಕಣ್ಣಿಗೆ ಕಾಣುತ್ತಿರಲಿ ಅಂತ. ಆ ಬದಿಯ ಸನ್ ವೈಸರ್ ಮಡಚಿ ತೋರಿಸಿದೆ. ಹಿಂಬದಿಗೆ ಮುಖ ಮಾಡಿದ ಮಕ್ಕಳ ಸೀಟಿನ ಚಿತ್ರದ ಮೇಲೆ ಕೆಂಪು ಗೀಟು. ಮುಂದಿನ ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಉಬ್ಬುತ್ತದೆ. ಅದು ನೇರ ಕೂಸಿನ ಸೀಟಿನ ಬೆನ್ನಿಗೆ, ಅಂದರೆ ಕೂಸಿನ ತಲೆಯ ಹಿಂದಕ್ಕೆ ಬಡಿಯುತ್ತದೆ. ದೊಡ್ಡವರನ್ನು ಉಳಿಸುವ ವಸ್ತುವೇ ಕೂಸನ್ನು ಕೊಲ್ಲಬಹುದು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂಬದಿ ಮುಖದ ಸೀಟು ಖಂಡಿತ ಬೇಡ.

ಹಿಂದೆ ಇಟ್ಟ ಮೇಲೂ ಅವರು ಕೂಸಿನ ಮುಖ ರಸ್ತೆಯ ಕಡೆ ಬರುವಂತೆ ಇಟ್ಟಿದ್ದರು. ಇದು ತುಂಬಾ ಜನ ಮಾಡುವ ತಪ್ಪು. ಮುಖ ಹಿಂದಿನ ಗಾಜಿನ ಕಡೆ ಇರಬೇಕು. ಹುಟ್ಟಿದ ಕೂಸಿನ ತಲೆಯೇ ಮೈಯ ಉದ್ದದ ನಾಲ್ಕನೇ ಒಂದು ಭಾಗ, ಕುತ್ತಿಗೆ ಇನ್ನೂ ಗಟ್ಟಿಯಾಗಿಲ್ಲ. ಮುಂದಕ್ಕೆ ಮುಖ ಮಾಡಿ ಕೂತರೆ ಗುದ್ದಿದಾಗ ಮೈ ಪಟ್ಟಿಗೆ ನಿಲ್ಲುತ್ತದೆ, ಭಾರದ ತಲೆ ಮುಂದಕ್ಕೆ ಎಗರುತ್ತದೆ. ಹಿಂಬದಿ ಮುಖ ಇದ್ದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟಿನ ಚಿಪ್ಪೇ ಹಿಡಿದುಕೊಳ್ಳುತ್ತದೆ. ಆರ್‌129 ನಿಯಮದಲ್ಲಿ 15 ತಿಂಗಳವರೆಗೆ ಹಿಂಬದಿ ಮುಖ ಕಡ್ಡಾಯ. ಅದಕ್ಕಿಂತ ಜಾಸ್ತಿ ದಿನ ಇಟ್ಟರೆ ಇನ್ನೂ ಒಳ್ಳೇದು.

ಆಮೇಲೆ ಪಟ್ಟಿ. ಕೂಸನ್ನು ಶಾಲಿನಲ್ಲಿ ಗೊಂಬೆಯಂತೆ ಸುತ್ತಿ ಮೇಲೆ ಪಟ್ಟಿ ಬಿಗಿದಿದ್ದರು. ಶಾಲು ತೆಗೆಸಿದೆ. ದಪ್ಪ ಬಟ್ಟೆ ಗುದ್ದಿದಾಗ ಒತ್ತಿಹೋಗಿ ಪಟ್ಟಿ ಸಡಿಲವಾಗುತ್ತದೆ, ಕೂಸು ಜಾರುತ್ತದೆ. ತೆಳು ಬಟ್ಟೆ ಹಾಕಿ, ಪಟ್ಟಿ ಬಿಗಿದು, ಶಾಲನ್ನು ಮೇಲಿಂದ ಹೊದಿಸಬೇಕು. ಭುಜದ ಪಟ್ಟಿ ಕೂಸಿನ ಭುಜದ ಮಟ್ಟದಿಂದ ಇಲ್ಲವೇ ಸ್ವಲ್ಪ ಕೆಳಗಿನಿಂದ ಬರಬೇಕು. ಭುಜದ ಮೇಲೆ ಪಟ್ಟಿಯನ್ನು ಚಿವುಟಲು ಹೋದರೆ ಮಡಿಕೆ ಸಿಗಬಾರದು. ಕೊನೆಗೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಜಾಸ್ತಿ ಆಡಬಾರದು. ಗಂಡ ಮೊಣಕಾಲು ಊರಿ, ಭಾರ ಹಾಕಿ, ಮೂರನೇ ಸಲಕ್ಕೆ ಅದನ್ನು ಸಾಧಿಸಿದರು. ಬೆವರು ಇಳಿಯುತ್ತಿತ್ತು.

ಹೊರಡುವ ಮೊದಲು ಮೂರು ದಿನ, ದಿನಕ್ಕೊಂದು ಸಣ್ಣ ಸುತ್ತು ಹೋಗಿ ಬನ್ನಿ ಅಂದಿದ್ದೆ. ಮೊದಲ ದಿನ ಕೂಸು ಕಿರುಚಿ ಕಿರುಚಿ ಕೆಂಪಾಯಿತು. ಅತ್ತೆ, ಅಂದರೆ ಗಂಡನ ತಾಯಿ, "ನಾನು ಹೇಳಿರಲಿಲ್ವಾ" ಅಂದರು. ಎರಡನೇ ದಿನ ಹತ್ತು ನಿಮಿಷ ಅತ್ತು ಮಲಗಿತು. ಮೂರನೇ ದಿನ ಗೇಟು ದಾಟುವಷ್ಟರಲ್ಲಿ ನಿದ್ದೆ.

ಪ್ರಯಾಣದ ದಿನ

ಅಜ್ಜ, ಅಜ್ಜಿ, ಹುಡುಗಿ ನಸುಕಿನಲ್ಲೇ ರೈಲು ಹತ್ತಿದರು. ತೊಟ್ಟಿಲನ್ನು ಪಾರ್ಸೆಲ್ ಕಳಿಸಿದ್ದರು. ಡಬ್ಬಿ, ಭರಣಿ, ತೆಂಗಿನಕಾಯಿ ಎಲ್ಲ ಡಿಕ್ಕಿಯ ತಳದಲ್ಲಿ, ಸೂಟ್‌ಕೇಸು ಒತ್ತಿಟ್ಟು. ಹಿಂದಿನ ಗಾಜಿನ ಕೆಳಗಿನ ಹಲಗೆ ಖಾಲಿ. ಆರು ಗಂಟೆಗೆ ಕಾರು ಹೊರಟಿತು.

ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ಕೂಸನ್ನು ಸೀಟಿನಿಂದ ಹೊರಗೆ ತೆಗೆದು, ಹಾಲು ಕೊಟ್ಟು, ಬೆನ್ನು ನೇರ ಮಾಡಿ ಮಲಗಿಸುವುದು ಅಂತ ಒಪ್ಪಂದ. ಶಿವಮೊಗ್ಗ ದಾಟಿ, ತರೀಕೆರೆ ಹತ್ತಿರ ಒಮ್ಮೆ ನಿಂತರು. ಎಲ್ಲ ಸರಿ ಇತ್ತು.

ಕಡೂರು ಕಳೆದ ಮೇಲೆ ತಾಯಿ ಕೂಸಿನ ಕಡೆ ನೋಡಿದರೆ ಗದ್ದ ಎದೆಗೆ ತಾಗಿತ್ತು. ಉಸಿರು ಗೊರ ಗೊರ ಅನ್ನುತ್ತಿತ್ತು. ತಕ್ಷಣ ನಿಲ್ಲಿಸಿ, ಕೂಸನ್ನು ಹೊರಗೆ ತೆಗೆದರು. ಕೂಸು ಅತ್ತಿತು, ಬಣ್ಣ ಸರಿ ಇತ್ತು. ಕಾರಣ ಹುಡುಕಿದಾಗ ಸಿಕ್ಕಿತು. ಮುಂದೆ ಕೂತಿದ್ದ ಅತ್ತೆ ಕಾಲು ಚಾಚಿಕೊಳ್ಳಲು ತಮ್ಮ ಸೀಟನ್ನು ಹಿಂದಕ್ಕೆ ಸರಿಸಿದ್ದರು. ಅದು ಕೂಸಿನ ಸೀಟಿಗೆ ತಾಗಿ, ಒರಗಿದ್ದ ಸೀಟು ನೆಟ್ಟಗಾಗಿತ್ತು. ಸಣ್ಣ ಕೂಸಿನ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ನೆಟ್ಟಗಾದರೆ ತಲೆ ಮುಂದಕ್ಕೆ ಬಿದ್ದು ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಕೂಸು ಅಳುವುದೂ ಇಲ್ಲ, ಮಲಗಿದಂತೆಯೇ ಕಾಣುತ್ತದೆ. ಇಡೀ ದಾರಿಯಲ್ಲಿ ನಿಜವಾದ ಅಪಾಯ ಇದ್ದದ್ದು ಇಲ್ಲೇ ಅಂತ ನಾನು ನಂಬುತ್ತೇನೆ. ಇದನ್ನು ನಾನು ಮೊದಲೇ ಅತ್ತೆಗೆ ಹೇಳಬೇಕಿತ್ತು. ಸೀಟು ಕಟ್ಟುವುದನ್ನು ಗಂಡ ಹೆಂಡತಿಗೆ ಮಾತ್ರ ಕಲಿಸಿದ್ದೆ. ಮುಂದೆ ಕೂರುವವರಿಗೆ ಹೇಳಿರಲಿಲ್ಲ.

ತಾಯಿ ಪಕ್ಕದಲ್ಲಿ, ಎಚ್ಚರವಾಗಿ ಇದ್ದದ್ದರಿಂದ ಇದು ಕಣ್ಣಿಗೆ ಬಿತ್ತು. ಹಿಂದೆ ಮೂರು ಜನ ಒತ್ತಿಕೊಂಡು, ಕೂಸಿನ ಮೇಲೆ ಶಾಲು ಮುಚ್ಚಿ, ಎಲ್ಲರೂ ತೂಕಡಿಸಿದ್ದರೆ?

ಇನ್ನೊಂದು ತಪ್ಪು ತಿಪಟೂರಿನ ಆಚೆ. ಕೂಸು ಇಪ್ಪತ್ತು ನಿಮಿಷ ಬಿಡದೆ ಅತ್ತಿತು. ನಿಲ್ಲಿಸಲು ನೆರಳಿಲ್ಲ, ಬಿಸಿಲು. "ಐದೇ ನಿಮಿಷ ಎತ್ತಿಕೋ ಮಗಾ, ಗಂಟಲು ಹರಿದುಕೊಳ್ತಿದೆ" ಅಂದರು ಅತ್ತೆ. ತಾಯಿ ತಡೆಯಲಾರದೆ ಪಟ್ಟಿ ಬಿಚ್ಚಿ ಎತ್ತಿಕೊಂಡರು. ಒಂದೆರಡು ಕಿಲೋಮೀಟರ್ ಹಾಗೇ ಹೋದರು. ಗಂಡ ಕನ್ನಡಿಯಲ್ಲಿ ನೋಡಿ ಏನೂ ಅನ್ನದೆ ಒಂದು ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದರು. ಡೈಪರ್ ಒದ್ದೆಯಾಗಿತ್ತು, ಅಷ್ಟೇ. ಬದಲಿಸಿದ ಮೇಲೆ ತುಮಕೂರಿನವರೆಗೆ ಸದ್ದಿಲ್ಲ. ಇದನ್ನು ತಾಯಿ ನನ್ನ ಹತ್ತಿರ ತಾನಾಗಿಯೇ ಹೇಳಿದರು, ಬರೆಯಿರಿ ಅಂತಲೂ ಹೇಳಿದರು. ಅಳು ಕೇಳುತ್ತಾ ಸುಮ್ಮನೆ ಕೂರುವುದು ಹೇಳಿದಷ್ಟು ಸುಲಭ ಅಲ್ಲ. ಅದಕ್ಕೇ "ಎತ್ತಬೇಡಿ" ಅನ್ನುವುದಕ್ಕಿಂತ "ನಿಲ್ಲಿಸಿ, ಆಮೇಲೆ ಎತ್ತಿ" ಅನ್ನುವುದು ಸರಿ ಅಂತ ನನಗೆ ಈಗ ಅನ್ನಿಸುತ್ತದೆ. ಹೊರಡುವ ಮೊದಲು ಎಲ್ಲೆಲ್ಲಿ ನಿಲ್ಲಿಸಬಹುದು ಅಂತ ಗುರುತು ಹಾಕಿಕೊಂಡಿದ್ದರೆ ಆ ಎರಡು ಕಿಲೋಮೀಟರೂ ಇರುತ್ತಿರಲಿಲ್ಲ.

ಮೂರೂವರೆಗೆ ಮನೆ ಮುಟ್ಟಿದರು. ಒಂಬತ್ತೂವರೆ ಗಂಟೆ ಹಿಡಿಯಿತು. ರೈಲಿನವರು ಅಷ್ಟರಲ್ಲಿ ಊಟ ಮಾಡಿ, ನಾದಿನಿಯ ಜೊತೆ ಆರತಿ ತಟ್ಟೆ ಸಿದ್ಧ ಮಾಡಿ ಕಾಯುತ್ತಿದ್ದರು. ಬಾಗಿಲಲ್ಲಿ ಅಜ್ಜ ಕೂಸನ್ನು ಸೀಟಿನ ಸಮೇತ ಎತ್ತಿಕೊಂಡು, "ಹಗ್ಗ ಸರಿಯಾಗೇ ಬಿಗಿದಿದ್ದಾರೆ" ಅಂದರಂತೆ.

ಇದರಿಂದ ನಮ್ಮ ಕೆಲಸದಲ್ಲಿ ಆದ ಬದಲಾವಣೆ

ದಾರಿಯಲ್ಲಿ ಗುದ್ದಲಿಲ್ಲ, ಜೋರಾಗಿ ಬ್ರೇಕ್ ಕೂಡ ಹಾಕಬೇಕಾಗಲಿಲ್ಲ. ಹಾಗಾಗಿ ಸೀಟು ಅವತ್ತು ಕೂಸನ್ನು ಉಳಿಸಿತು ಅಂತ ನಾನು ಹೇಳಲಾರೆ. ಜಾಗ್ರತೆಯ ಕಷ್ಟವೇ ಇದು, ಕೆಲಸ ಮಾಡಿದ ದಿನ ಅದು ಕಾಣುವುದೇ ಇಲ್ಲ. ತೊಡೆಯ ಮೇಲೆ ಕೂರಿಸಿ ಊರು ಮುಟ್ಟಿದವರೂ "ಏನೂ ಆಗಲಿಲ್ಲ" ಅಂತಲೇ ಹೇಳುತ್ತಾರೆ. ದೇವಸ್ಥಾನದ ದಾರಿಯ ಆ ದನ ಬರದೇ ಇದ್ದಿದ್ದರೆ ಈ ಮನೆಯವರೂ ಹಾಗೇ ಹೇಳುತ್ತಿದ್ದರು.

"ನಮ್ಮ ಕಾರು ಗಟ್ಟಿ, ಸ್ಟಾರ್ ಇದೆ" ಅನ್ನುವವರು ಈಗ ಜಾಸ್ತಿ ಸಿಗುತ್ತಾರೆ. ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುವ, 2023ರ ಅಕ್ಟೋಬರಿನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ರಕ್ಷಣೆಗೆ ಬೇರೆಯೇ ಅಂಕ ಇದೆ. ಅದಕ್ಕೆ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಕ್ಕಳಷ್ಟಿರುವ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕಟ್ಟಿ ಕೂರಿಸಿ ಗುದ್ದಿಸುತ್ತಾರೆ. ಆ ಸ್ಟಾರ್ ಸಿಕ್ಕಿದ್ದು ಸೀಟಿನಲ್ಲಿದ್ದ ಗೊಂಬೆಗೆ. ತೊಡೆಯ ಮೇಲಿನ ಕೂಸಿಗೆ ಆ ಸ್ಟಾರ್ ಅನ್ವಯಿಸುವುದಿಲ್ಲ.

ನಾನು ಈಗ ಹತ್ತನೇ ವಾರದ ಚುಚ್ಚುಮದ್ದಿನ ದಿನವೇ ಮೂರು ಮಾತು ಕೇಳುತ್ತೇನೆ. ಯಾವಾಗ ಹೊರಡುತ್ತೀರಿ, ಕಾರಿನಲ್ಲಿ ಕೂಸು ಸೇರಿ ಎಷ್ಟು ಜನ, ಹಿಂದಿನ ಬೆಲ್ಟ್ ಕೈಗೆ ಸಿಗುತ್ತಾ. ಹದಿನಾಲ್ಕನೇ ವಾರಕ್ಕೆ ಕೇಳಿದರೆ ಟಿಕೆಟ್ ಮಾಡಿಸಲು, ಸೀಟು ಹುಡುಕಲು, ಹಿರಿಯರ ಮನಸ್ಸು ಒಪ್ಪಲು ಸಮಯ ಸಾಲುವುದಿಲ್ಲ. ಮಾತು ಆಡುವಾಗ ಅಜ್ಜ ಅಜ್ಜಿಯರನ್ನೂ ಒಳಗೆ ಕರೆಯುತ್ತೇನೆ. ತೀರ್ಮಾನ ಅವರದ್ದೇ ಆಗಿರುತ್ತದೆ.

ಎಲ್ಲರೂ ಸೀಟು ತಗೊಳ್ಳುವುದಿಲ್ಲ. ದುಡ್ಡು ಇಲ್ಲದವರಿಗೆ ರೈಲು ಇದೆ, ಬಸ್ಸು ಇದೆ ಅನ್ನುತ್ತೇನೆ. ತುಂಬಿ ತುಳುಕುವ ಸಣ್ಣ ಕಾರಿಗಿಂತ ಆ ದಾರಿ ವಾಸಿ.

ಆ ತಾಯಿ ಮೊನ್ನೆ ಫೋನ್ ಮಾಡಿದ್ದರು. ಕೂಸು 9 ಕಿಲೋ ದಾಟಿದೆ, ಸೀಟಿಗೆ ಒಗ್ಗಿಕೊಂಡಿದೆ. ಈಗ ಅವರ ಚಿಂತೆ ನಾದಿನಿಯ ಮಗಳದ್ದು. ನಾದಿನಿಯ ಮನೆಯ ಕಾರಿನಲ್ಲಿ ಆ ಹುಡುಗಿ ಈಗಲೂ ಎರಡು ಸೀಟಿನ ನಡುವೆ ನಿಂತುಕೊಂಡೇ ಹೋಗುತ್ತಾಳೆ. ಹೇಳಿದರೆ ನಾದಿನಿ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಇವರಿಗೆ ಅಳುಕು. "ನೀವೇ ಒಂದ್ಸಲ ಮಾತಾಡ್ತೀರಾ ಸಿಸ್ಟರ್?" ಅಂತ ಕೇಳಿದರು. ಬೇಸಿಗೆ ರಜೆಗೆ ಎಲ್ಲರೂ ಇಲ್ಲಿಗೆ ಬರುತ್ತಿದ್ದಾರೆ. ಅಜ್ಜನನ್ನೂ ಕರ್ಕೊಂಡು ಬನ್ನಿ ಅಂದಿದ್ದೇನೆ.